ಚಾರಣಿಗರ ತುರ್ತು ಡಬ್ಬಿ: ಇರುವುದೇನು, ಇರಬೇಕಾದುದೇನು

ಜಯನಗರದ ಅಂಗಡಿಯೊಂದರಲ್ಲಿ ಚಾರಣಿಗರಿಗೆಂದು ಮಾರುವ, ಅಂಗೈಯಗಲದ ತಗಡಿನ ತುರ್ತು ಡಬ್ಬಿಯನ್ನು ಕೊಂಡು, ಸಾವನದುರ್ಗ, ಸ್ಕಂದಗಿರಿಗಳಂಥ ಬೆಂಗಳೂರಿನ ಆಸುಪಾಸಿನ ಬೆಟ್ಟಗಳಲ್ಲಿ ಅದು ಎಷ್ಟರಮಟ್ಟಿಗೆ ಒದಗೀತೆಂದು ಪರಿಶೀಲಿಸಿದ್ದೇನೆ. ಒಳಗಿರುವ ಗಾಳ, ನೂಲು, ತಂತಿ ಗರಗಸಗಳನ್ನು ನೋಡಿದರೆ ಯಾವುದೋ ದೂರದೇಶದ ಕಾಡನ್ನು ನೆನೆದು ಪಟ್ಟಿ ಮಾಡಿದಂತಿದೆ. ಸಾವನದುರ್ಗದ ಬೋಳು ಬಂಡೆಯ ಮೇಲೆ ಮೀನು ಹಿಡಿಯುವ ಪ್ರಸಂಗ ಬರಲಾರದು. ಗುಂಡಿಯಷ್ಟು ಚಿಕ್ಕ ದಿಕ್ಸೂಚಿಯನ್ನು ಉಕ್ಕಿನ ಡಬ್ಬಿಯಿಂದ ದೂರವಿಟ್ಟು ನೋಡದಿದ್ದರೆ ಅದರ ಮುಳ್ಳು ತಪ್ಪು ದಿಕ್ಕಿಗೆ ವಾಲುತ್ತದೆ.

ಮೆಚ್ಚಬೇಕಾದದ್ದು ಸೀಟಿ. ಪರ್ವತಾರೋಹಿಗಳ ವಾಡಿಕೆಯಂತೆ ಒಂದು ನಿಮಿಷದಲ್ಲಿ 6 ಬಾರಿ ಊದಿ, ಮುಂದಿನ ನಿಮಿಷ ಸುಮ್ಮನಿದ್ದು, ಮತ್ತೆ ಅದನ್ನೇ ಮುಂದುವರಿಸಿದರೆ ಅದು ನೆರವಿನ ಕರೆಯಾಗುತ್ತದೆ. ಕೇಳಿಸಿಕೊಂಡವರು ನಿಮಿಷಕ್ಕೆ 3 ಬಾರಿ ಊದಿ ಉತ್ತರಿಸುತ್ತಾರೆ. ಮೊಬೈಲ್‌ಗೆ ಸಿಗ್ನಲ್ ಇದ್ದಲ್ಲಿ 112ಕ್ಕೆ ಕರೆ ಮಾಡುವುದೇ ಮೊದಲ ಕೆಲಸ, ಆ ಮಾತು ಬೇರೆ. ಅಲ್ಯೂಮಿನಿಯಂ ಲೇಪದ ತೆಳು ಹೊದಿಕೆಯೂ ಮೈಶಾಖವನ್ನು ಹಿಂದಿರುಗಿಸುವುದರಿಂದ ಉಪಯುಕ್ತವೇ, ಆದರೆ ಒದ್ದೆ ಬಟ್ಟೆಯಲ್ಲೇ ಕುಳಿತವರಿಗೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ.

ದೊಡ್ಡ ಕೊರತೆಯೆಂದರೆ ನೀರಿನ ವಿಚಾರವನ್ನೇ ಮರೆತಿರುವುದು. ನಮ್ಮ ಬಿಸಿಲಿಗೆ ಓಆರ್‌ಎಸ್ ಪುಡಿ ಇರಲೇಬೇಕು. ಕ್ಲೋರಿನ್ ಮಾತ್ರೆಯಿದ್ದರೆ, ಕದಡಿದ ನೀರನ್ನು ಬಟ್ಟೆಯಲ್ಲಿ ಸೋಸಿ, ಮಾತ್ರೆ ಹಾಕಿ, ಕನಿಷ್ಠ ಅರ್ಧ ಗಂಟೆ ಬಿಟ್ಟು ಕುಡಿಯಬಹುದು. ಉಳುಕಿಗೆ ಕ್ರೇಪ್ ಬ್ಯಾಂಡೇಜು, ತಮ್ಮ ನಿತ್ಯದ ಮಾತ್ರೆಗಳು, ಚಿಕ್ಕ ಟಾರ್ಚು ಇವೂ ಬೇಕು. ಆದ್ದರಿಂದ ಈ ಡಬ್ಬಿಯನ್ನು ಕೊಳ್ಳುವ ಬದಲು ಸೀಟಿ, ಹೊದಿಕೆಗಳನ್ನು ಬಿಡಿಯಾಗಿ ಕೊಂಡು, ಉಳಿದವನ್ನು ಔಷಧಿ ಅಂಗಡಿಯಿಂದ ತಂದು, ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿಕೊಳ್ಳುವುದು ಮೇಲು.