ಆರು ಅಡಿ ಹತ್ತಿಯ ಹಗ್ಗ, ಹಿತ್ತಾಳೆಯ ಕೊಂಡಿ: ಎಂಟು ತಿಂಗಳ ಬಳಕೆಯ ಅನುಭವ

ಕಳೆದ ಕಾರಹುಣ್ಣಿಮೆ ಮುಗಿದ ಮರುವಾರ ಹುಬ್ಬಳ್ಳಿಯ ಹಳೆಯ ಪೇಟೆಯಲ್ಲಿ, ಎತ್ತುಗಳಿಗೆ ಮೂಗುದಾರ, ಗೆಜ್ಜೆಪಟ್ಟಿ, ಗೊಂಡೆ ಮಾರುವ ಅಂಗಡಿಯೊಂದರಲ್ಲಿ, ನನ್ನ ನಾಯಿಗೆ ಆರು ಅಡಿ ಉದ್ದದ ಹತ್ತಿಯ ಹಗ್ಗವನ್ನೂ ಅದಕ್ಕೆ ಹೊಂದುವ ಕೊರಳಪಟ್ಟಿಯನ್ನೂ ಹೇಳಿ ಮಾಡಿಸಿದೆ. ಹಗ್ಗಕ್ಕೆ 380 ರೂಪಾಯಿ, ಪಟ್ಟಿಗೆ 250 ರೂಪಾಯಿ ಕೊಟ್ಟೆ. ಅಂದಿನಿಂದ ಇಂದಿನವರೆಗೆ ಎಂಟು ತಿಂಗಳು, ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ, ಧಾರವಾಡದ ಜಿಟಿಜಿಟಿ ಮಳೆಯಲ್ಲಿಯೂ ಫೆಬ್ರುವರಿಯ ಧೂಳಿನಲ್ಲಿಯೂ ಅದೇ ಹಗ್ಗವನ್ನು ಬಳಸಿದ್ದೇನೆ. ನಾಯಿ ಸಾಕಿ ಅದನ್ನು ರಸ್ತೆಗೆ ಕರೆದೊಯ್ಯುವವರೆಲ್ಲ ಹಗ್ಗವನ್ನು ಕೊಳ್ಳುವಾಗ ಏನನ್ನು ನೋಡಬೇಕು ಎಂಬುದು ನನಗೆ ತಡವಾಗಿ ತಿಳಿಯಿತು. ಆದ್ದರಿಂದ ಈ ವಿಮರ್ಶೆಯನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಇದಕ್ಕೂ ಮೊದಲು ನನ್ನ ಕೈಯಲ್ಲಿ ಇದ್ದದ್ದು ಆನ್‌ಲೈನಿನಲ್ಲಿ 900 ರೂಪಾಯಿಗೆ ತರಿಸಿದ, ಪ್ಲಾಸ್ಟಿಕ್ ಹಿಡಿಕೆಯೊಳಗೆ ಸುತ್ತಿಕೊಳ್ಳುವ ಐದು ಮೀಟರಿನ ತೆಳುದಾರ. ಒಂದು ಗುಂಡಿ ಒತ್ತಿದರೆ ದಾರ ನಿಲ್ಲುತ್ತದೆ, ಬಿಟ್ಟರೆ ನಾಯಿ ಹೋದಷ್ಟು ದೂರ ಬಿಚ್ಚಿಕೊಳ್ಳುತ್ತದೆ. ನಾಯಿಗೆ ಸ್ವಾತಂತ್ರ್ಯ, ನಮಗೆ ಆರಾಮ ಎಂದು ನಾನೂ ನಂಬಿದ್ದೆ. ಒಂದು ಬೆಳಿಗ್ಗೆ ಕೆಲಗೇರಿ ಕೆರೆಯ ದಂಡೆಯ ಮೇಲೆ ನಡೆಯುತ್ತಿದ್ದಾಗ ಆಡಿನ ಮರಿಯೊಂದು ಅಡ್ಡ ಬಂದಿತು. ನನ್ನದು ಮುಧೋಳ ತಳಿಯ ಗಂಡು ನಾಯಿ, 23 ಕಿಲೋ ತೂಕದ್ದು. ಕಣ್ಣಿಗೆ ಬಿದ್ದ ಬೇಟೆಯನ್ನು ಅಟ್ಟಿಸಿಕೊಂಡು ಹೋಗುವುದು ಅದರ ರಕ್ತದಲ್ಲಿಯೇ ಇದೆ. ನಾನು ಗುಂಡಿ ಒತ್ತುವಷ್ಟರಲ್ಲಿ ಅದು ಮೂರು ಮೀಟರ್ ಓಡಿ ವೇಗ ಪಡೆದಿತ್ತು, ಒತ್ತಿದ ಗುಂಡಿ ಕಚ್ಚಿ ಹಿಡಿಯಲಿಲ್ಲ, ಬಿಗಿಯಾದ ದಾರ ಎದುರಿನಿಂದ ಬರುತ್ತಿದ್ದ ಹಿರಿಯರೊಬ್ಬರ ಮೊಣಕಾಲಿಗೆ ಸುತ್ತಿತು. ಅವರು ಬಿದ್ದರು. ಅಂಗೈ ಕೆತ್ತಿತು, ಕಾಲಿನ ಮೇಲೆ ದಾರ ಉಜ್ಜಿದ ಕೆಂಪು ಗೆರೆ ಎದ್ದಿತು. ದೇವರ ದಯೆಯಿಂದ ಎಲುಬು ಮುರಿಯಲಿಲ್ಲ.

ಅವರನ್ನು ಎಬ್ಬಿಸಿ ಕೂರಿಸುವಾಗ, ನಾಯಿ ಸಾಕಿದವರೆಲ್ಲರ ನಾಲಗೆಯ ಮೇಲೆ ಇರುವ ಮಾತೇ ನನ್ನ ಬಾಯಿಂದಲೂ ಬಂದಿತು: “ಅದು ಏನೂ ಮಾಡಂಗಿಲ್ರಿ.” ಅವರು ಸಿಟ್ಟಾಗದೆ, ಉಸಿರು ಸುಧಾರಿಸಿಕೊಳ್ಳುತ್ತ, “ನಿಮ್ಮ ನಾಯಿ ನಿಮಗ ಗೊತ್ತರಿ, ನನಗ ಗೊತ್ತಿಲ್ಲಲ್ಲ” ಎಂದರು. ಆ ಮಾತಿಗೆ ಕೊಡಲು ನನ್ನ ಬಳಿ ಉತ್ತರ ಇರಲಿಲ್ಲ, ಇಂದಿಗೂ ಇಲ್ಲ. ಹಗ್ಗದ ಯೋಗ್ಯತೆಯನ್ನು ಅಳೆಯಬೇಕಾದವರು ಅದನ್ನು ಹಿಡಿದವರೋ, ಅದರ ಪಕ್ಕದಿಂದ ಹಾದುಹೋಗುವ ಅಪರಿಚಿತರೋ ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಈ ವಿಮರ್ಶೆಯನ್ನು ನಾನು ಆ ಹಿರಿಯರ ಕಡೆಯಿಂದ ನೋಡಿಯೇ ಬರೆಯುತ್ತಿದ್ದೇನೆ.

ಕಾನೂನು ನೋಡುವುದೂ ಅವರ ಕಡೆಯಿಂದಲೇ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮಿನ ಪ್ರಕಾರ, ತನ್ನ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯರ ಜೀವಕ್ಕೆ ಅಪಾಯ ಅಥವಾ ತೀವ್ರ ಗಾಯ ಆಗುವ ಸಂಭವ ಇರುವಾಗ, ಅದನ್ನು ತಡೆಯಲು ಸಾಕಾಗುವಷ್ಟು ಎಚ್ಚರಿಕೆಯನ್ನು ತಿಳಿದೂ ಅಥವಾ ಅಲಕ್ಷ್ಯದಿಂದ ವಹಿಸದವರಿಗೆ ಆರು ತಿಂಗಳವರೆಗಿನ ಸೆರೆವಾಸ, ಅಥವಾ 5,000 ರೂಪಾಯಿವರೆಗಿನ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಹಳೆಯ ದಂಡ ಸಂಹಿತೆಯಲ್ಲಿ ಇದು 289ನೆಯ ಕಲಮಾಗಿತ್ತು, ದಂಡದ ಮಿತಿ 1,000 ರೂಪಾಯಿ ಇತ್ತು. ಇಲ್ಲಿ ‘ಸಾಕಾಗುವಷ್ಟು’ ಎಂಬ ಪದವನ್ನು ನಾನು ಹಲವು ಸಲ ಓದಿದ್ದೇನೆ. ಕೈಯಲ್ಲಿ ಏನೋ ಒಂದು ದಾರ ಇದ್ದ ಮಾತ್ರಕ್ಕೆ ಎಚ್ಚರಿಕೆ ಸಾಕಾಯಿತು ಎನ್ನಲು ಬರುವುದಿಲ್ಲ. ಆ ದಾರ ಹಿಡಿದು ನಿಲ್ಲಿಸುವಂತಿರಬೇಕು.

ಹಾಗಾದರೆ ದಪ್ಪ ಸರಪಳಿಯೇ ಲೇಸಲ್ಲವೇ ಎಂದು ನನ್ನ ಮನೆಯವರೇ ಕೇಳಿದರು. ನಮ್ಮ ಕಡೆ ಹಿತ್ತಲಿನ ಪೇರಲ ಗಿಡಕ್ಕೆ ನಾಯಿಯನ್ನು ಸರಪಳಿಯಿಂದ ಕಟ್ಟಿ ಹಾಕುವುದು ಇನ್ನೂ ಸಾಮಾನ್ಯ ನೋಟ. ಆದರೆ 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೆಯ ಕಲಮು, ಯಾವುದೇ ಪ್ರಾಣಿಯನ್ನು ಮಿತಿಮೀರಿದ ಹೊತ್ತು, ಮಿತಿಮೀರಿ ಗಿಡ್ಡವಾದ ಅಥವಾ ಭಾರವಾದ ಸರಪಳಿಯಲ್ಲಿ ಕಟ್ಟುವುದನ್ನು ಕ್ರೌರ್ಯವೆಂದು ಹೆಸರಿಸುತ್ತದೆ. ಸದಾ ಕಟ್ಟಿಯೇ ಇಟ್ಟ ನಾಯಿಗೆ ತಕ್ಕಷ್ಟು ಓಡಾಟ ಕೊಡಿಸದ ಮಾಲೀಕರನ್ನೂ ಅದೇ ಕಲಮು ತಪ್ಪಿತಸ್ಥರೆನ್ನುತ್ತದೆ. ಒಂದು ಕಾನೂನು ಬೀದಿಯಲ್ಲಿ ಹಿಡಿದುಕೋ ಎನ್ನುತ್ತದೆ, ಇನ್ನೊಂದು ಮನೆಯಲ್ಲಿ ಕಟ್ಟಿ ಹಾಕಿ ಮರೆಯಬೇಡ ಎನ್ನುತ್ತದೆ. ಇವೆರಡನ್ನೂ ಒಟ್ಟಿಗೆ ನಡೆಸಿಕೊಡುವ ವಸ್ತು ಎಂದರೆ ಒಳ್ಳೆಯದೊಂದು ನಡಿಗೆಯ ಹಗ್ಗ. ಸರಪಳಿಯ ಕಷ್ಟ ಬೇರೆಯೂ ಇದೆ. ನಾಯಿ ಜಗ್ಗಿದಾಗ ಅದನ್ನು ಬರಿಗೈಯಲ್ಲಿ ಹಿಡಿದರೆ ಬೆರಳ ಚರ್ಮ ಕಿತ್ತು ಬರುತ್ತದೆ, ಹೀಗಾಗಿ ಯಾರೂ ಅದನ್ನು ನಡುವೆ ಹಿಡಿದು ಗಿಡ್ಡ ಮಾಡಿಕೊಳ್ಳುವುದಿಲ್ಲ.

ಈಗ ಹಗ್ಗದ ಮಾತು. ಇದು ಹೆಬ್ಬೆರಳಿಗಿಂತ ತುಸು ಸಣ್ಣ ದಪ್ಪದ, ಮೂರು ಎಳೆ ಹೊಸೆದ ಹತ್ತಿಯ ಹಗ್ಗ. ಎತ್ತಿನ ಹಗ್ಗಕ್ಕೆ ಬಳಸುವ ನೂಲನ್ನೇ ಇನ್ನಷ್ಟು ಬಿಗಿಯಾಗಿ ಹೊಸೆದದ್ದು. ಒಂದು ತುದಿಯಲ್ಲಿ ಕೈ ತೂರುವಷ್ಟು ಕುಣಿಕೆ ಇದೆ. ನನ್ನ ಕೋರಿಕೆಯಂತೆ ನಾಯಿಯ ಕಡೆಯ ತುದಿಯಿಂದ ಒಂದೂವರೆ ಅಡಿಗೆ ಎರಡನೆಯ ಗಿಡ್ಡ ಕುಣಿಕೆಯೊಂದನ್ನು ಎಳೆಗಳ ನಡುವೆಯೇ ಹೆಣೆದು ಕೊಟ್ಟಿದ್ದಾರೆ. ಈ ಎರಡನೆಯ ಕುಣಿಕೆಯೇ ಇಡೀ ಹಗ್ಗದ ಜೀವಾಳ ಎಂಬುದು ನನ್ನ ಅಭಿಪ್ರಾಯ. ಸಪ್ತಾಪುರದ ಇಕ್ಕಟ್ಟಿನ ರಸ್ತೆಯಲ್ಲಿ ಶಾಲೆಯ ಮಕ್ಕಳು ಎದುರಾದಾಗ, ಅಥವಾ ಸಾಧನಕೇರಿಯ ದಂಡೆಯಲ್ಲಿ ಅಜ್ಜಿಯೊಬ್ಬರು ನಾಯಿಯನ್ನು ನೋಡಿ ಸೆರಗು ಬಿಗಿದು ನಿಂತಾಗ, ಆ ಕುಣಿಕೆಗೆ ಕೈ ಹಾಕಿದರೆ ನಾಯಿ ನನ್ನ ತೊಡೆಯ ಪಕ್ಕದಿಂದ ಆಚೆ ಹೋಗಲಾರದು. ಅವರು ಹಾದುಹೋದ ಮೇಲೆ ಕೈ ಬಿಟ್ಟರೆ ಆರು ಅಡಿಯ ಮೂಸುವ ಅವಕಾಶ ಅದಕ್ಕೆ ಮರಳಿ ಸಿಗುತ್ತದೆ. ಬ್ರೇಕು, ಗುಂಡಿ, ಸ್ಪ್ರಿಂಗು ಯಾವುದರ ಹಂಗೂ ಇಲ್ಲ.

ಆರು ಅಡಿ ಏಕೆ ಎಂದರೆ, ಅದಕ್ಕಿಂತ ಉದ್ದವಾದರೆ ನಾಯಿಗೆ ಓಡಿ ವೇಗ ಕೂಡಿಸಿಕೊಳ್ಳಲು ಜಾಗ ಸಿಗುತ್ತದೆ, ಆ ವೇಗವೆಲ್ಲ ಒಮ್ಮೆಲೆ ಕೊರಳಿನ ಮೇಲೂ ನಮ್ಮ ಭುಜದ ಮೇಲೂ ಬೀಳುತ್ತದೆ. ನಿಂತಲ್ಲಿಂದ ಜಗ್ಗುವ ನಾಯಿಯನ್ನು ಸಾಮಾನ್ಯ ಶಕ್ತಿಯ ಮನುಷ್ಯ ತಡೆಯಬಲ್ಲ, ಓಡಿಬಂದು ಜಗ್ಗುವ ಅದೇ ನಾಯಿಯನ್ನು ತಡೆಯುವುದು ಕಷ್ಟ.

ಕೊಂಡಿಯ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಏಕೆಂದರೆ ಹಗ್ಗ ಕಡಿದು ನಾಯಿ ತಪ್ಪಿಸಿಕೊಂಡದ್ದನ್ನು ನಾನು ಕಂಡಿಲ್ಲ, ಕೊಂಡಿ ಕೈಕೊಟ್ಟದ್ದನ್ನು ಎರಡು ಸಲ ಕಂಡಿದ್ದೇನೆ. ಅಗ್ಗದ ಲೀಶುಗಳಿಗೆ ಹಾಕುವ ಹೊಳೆಯುವ ಕೊಂಡಿ ಸಾಮಾನ್ಯವಾಗಿ ಸತುವಿನ ಮಿಶ್ರಲೋಹದ ಎರಕ. ಅದು ಬಾಗುವುದಿಲ್ಲ, ಸೂಚನೆ ಕೊಡದೆ ತುಂಡಾಗುತ್ತದೆ. ಮೇಲೆ ನಿಕ್ಕಲಿನ ಲೇಪ ಇರುವುದರಿಂದ ಒಳಗಿನ ಬಿರುಕು ಕಾಣಿಸುವುದೂ ಇಲ್ಲ. ನನ್ನ ಹಗ್ಗಕ್ಕೆ ಹಾಕಿದ್ದು ಗಟ್ಟಿ ಹಿತ್ತಾಳೆಯ ಕೊಂಡಿ. ಅದಕ್ಕೆ ತುಕ್ಕು ಹಿಡಿಯುವುದಿಲ್ಲ, ಸವೆದರೆ ಸವೆದದ್ದು ಕಣ್ಣಿಗೆ ಕಾಣುತ್ತದೆ, ಎರಡು ವಾರಕ್ಕೊಮ್ಮೆ ಒಂದು ಹನಿ ಎಣ್ಣೆ ಬಿಟ್ಟರೆ ಅದರ ಅಗುಳಿ ಸಲೀಸಾಗಿ ಆಡುತ್ತದೆ. ತಿರುಗಣಿ ಇರುವುದರಿಂದ ನಾಯಿ ಸುತ್ತಿದರೂ ಹಗ್ಗ ಹುರಿಗೊಳ್ಳುವುದಿಲ್ಲ. ಒಂದೇ ಎಚ್ಚರಿಕೆ: ಕೊರಳಿಗೆ ಬಿಲ್ಲೆ ಕಟ್ಟಿದ್ದರೆ ಅದರ ಅಂಚು ಅಗುಳಿಯನ್ನು ಹಿಂದಕ್ಕೆ ಒತ್ತಿ ತೆರೆಯಬಹುದು. ನಾನು ಬಿಲ್ಲೆಯನ್ನು ಬೇರೆ ಉಂಗುರಕ್ಕೆ ಹಾಕಿಸಿದ್ದೇನೆ.

ಕೊರಳಪಟ್ಟಿಯ ವಿಷಯ ಮುಧೋಳ ನಾಯಿ ಸಾಕಿದವರಿಗೆ ಮುಖ್ಯ. ಬಾಗಲಕೋಟೆ ಜಿಲ್ಲೆಯ ಮುಧೋಳದಿಂದ ಹೆಸರು ಪಡೆದ, 2005ರಲ್ಲಿ ಅಂಚೆಚೀಟಿಯ ಮೇಲೂ ಬಂದ ಈ ತಳಿಯ ತಲೆ ಉದ್ದ ಮತ್ತು ಕಿರಿದು; ಕೊರಳು ಹೆಚ್ಚುಕಡಿಮೆ ತಲೆಯಷ್ಟೇ ಅಗಲ. ಸಾಮಾನ್ಯ ಬಕಲಿನ ಪಟ್ಟಿಯನ್ನು ಎರಡು ಬೆರಳು ತೂರುವಷ್ಟು ಸಡಿಲ ಕಟ್ಟಿದರೆ, ನಾಯಿ ಹಿಂದಕ್ಕೆ ಸರಿದು ತಲೆ ಬಗ್ಗಿಸಿದ ಕ್ಷಣಕ್ಕೆ ಪಟ್ಟಿ ಕೈಯಲ್ಲಿ ಉಳಿಯುತ್ತದೆ, ನಾಯಿ ರಸ್ತೆಯಲ್ಲಿರುತ್ತದೆ. ಇದಕ್ಕೆ ಪರಿಹಾರ ಮಾರ್ಟಿಂಗೇಲ್ ಎಂಬ ಎರಡು ಕುಣಿಕೆಯ ಪಟ್ಟಿ: ದೊಡ್ಡ ಕುಣಿಕೆ ಕೊರಳಿಗೆ, ಚಿಕ್ಕ ಕುಣಿಕೆ ಹಗ್ಗಕ್ಕೆ, ಜಗ್ಗಿದಾಗ ತಲೆ ಜಾರದಷ್ಟು ಬಿಗಿಯಾಗಿ ಅಲ್ಲಿಯೇ ನಿಲ್ಲುತ್ತದೆ, ಉಸಿರು ಕಟ್ಟುವುದಿಲ್ಲ. ಅಂಗಡಿಯವರು ಈ ಹೆಸರನ್ನು ಕೇಳಿರಲಿಲ್ಲ, ಆದರೆ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದಾಗ ತಡಮಾಡದೆ ಅರ್ಥಮಾಡಿಕೊಂಡರು. ಮೊದಲ ಸಲ ಅಳತೆ ಅರ್ಧ ಇಂಚು ಹೆಚ್ಚಾಗಿ, ನಾನು ಚಿಗರಿ ಬಸ್ಸಿನಲ್ಲಿ ಮತ್ತೊಮ್ಮೆ ಹುಬ್ಬಳ್ಳಿಗೆ ಹೋಗಬೇಕಾಯಿತು. ನೀವು ಮಾಡಿಸುವುದಾದರೆ ನಾಯಿಯ ಕೊರಳಿನ ಮೇಲ್ಭಾಗದ, ಕಿವಿಯ ಹಿಂದಿನ ಸುತ್ತಳತೆಯನ್ನು ದಾರದಿಂದ ಅಳೆದು ಆ ದಾರವನ್ನೇ ಒಯ್ಯಿರಿ. ಈ ಪಟ್ಟಿಯನ್ನು ನಡಿಗೆಗೆ ಮಾತ್ರ ಹಾಕಬೇಕು, ಮನೆಗೆ ಬಂದೊಡನೆ ತೆಗೆಯಬೇಕು. ಚಿಕ್ಕ ಕುಣಿಕೆ ಎಲ್ಲಿಯಾದರೂ ಸಿಕ್ಕಿಕೊಂಡರೆ ಅಪಾಯ.

ಕೊರತೆಗಳೂ ಇವೆ, ಮರೆಮಾಚುವುದಿಲ್ಲ. ಹತ್ತಿ ನೀರು ಕುಡಿಯುತ್ತದೆ. ಜುಲೈ, ಆಗಸ್ಟಿನಲ್ಲಿ ಹಗ್ಗ ಒದ್ದೆಯಾದರೆ ಎರಡು ದಿನ ಒಣಗುತ್ತಿರಲಿಲ್ಲ, ಮುಗ್ಗಲು ವಾಸನೆ ಹಿಡಿಯಿತು, ಕೊನೆಗೆ ಅಡುಗೆಮನೆಯ ಒಲೆಯ ಬದಿಗೆ ತೂಗುಹಾಕಿ ಒಣಗಿಸಿದ್ದುಂಟು. ಹತ್ತಿಯ ನೂಲು ಒದ್ದೆಯಾದಾಗ ಬಲ ಕಳೆದುಕೊಳ್ಳುವುದಿಲ್ಲ, ಕೈಯಿಂದ ಜಾರುವುದೂ ಇಲ್ಲ, ಆದರೆ ತೂಕ ಹೆಚ್ಚುತ್ತದೆ. ಕೆಂಪು ಬಣ್ಣದ ಎಳೆಯೊಂದನ್ನು ಚೆಂದಕ್ಕೆಂದು ಸೇರಿಸಿದ್ದರು; ಮೊದಲ ಮಳೆಗೆ ಅದು ಬಿಟ್ಟು ನನ್ನ ಎರಡು ಅಂಗಿ ಕೆಟ್ಟವು. ಬಿಳಿಯ ಹಗ್ಗವನ್ನೇ ಕೇಳಿರಿ. ಐದನೆಯ ತಿಂಗಳಲ್ಲಿ ದೊಡ್ಡ ಕುಣಿಕೆಯ ಹೊಲಿಗೆ ಒಂದು ಕಡೆ ಸಡಿಲವಾಯಿತು. ಹೊಲಿಗೆಯ ದಾರ ಹಗ್ಗದ ಗುಣಮಟ್ಟಕ್ಕೆ ತಕ್ಕದ್ದಾಗಿರಲಿಲ್ಲ, ಇದು ತಯಾರಿಕೆಯ ದೋಷವೇ ಸರಿ. ಕಾರಹುಣ್ಣಿಮೆಯ ಹಿಂದೆಮುಂದೆ ಹೋದರೆ ಅಂಗಡಿಯವರಿಗೆ ಮಾತನಾಡಲು ಕೂಡ ಪುರುಸೊತ್ತು ಇರುವುದಿಲ್ಲ.

ಹಗ್ಗದ ಕೈಯಲ್ಲಿ ಆಗದ ಕೆಲಸವೂ ಒಂದಿದೆ. ಕರ್ನಾಟಕ ಕಾಲೇಜಿನ ಮೈದಾನದ ಕಡೆ ಬೀದಿನಾಯಿಗಳ ಗುಂಪು ಬೊಗಳುತ್ತ ಸುತ್ತುವರಿದಾಗ, ಕಟ್ಟಿದ ನಾಯಿಗೆ ಓಡಲು ದಾರಿ ಇರುವುದಿಲ್ಲ; ಹೆದರಿದ ನಾಯಿ ಯಾರನ್ನು ಕಚ್ಚೀತು ಎಂದು ಹೇಳಲಾಗದು. ಅಂಥ ಹೊತ್ತಿನಲ್ಲಿ ಹಗ್ಗವನ್ನು ಕೈಗೆ ಸುತ್ತಿಕೊಳ್ಳದೆ ಗಿಡ್ಡ ಕುಣಿಕೆ ಹಿಡಿದು, ನಾಯಿಯನ್ನು ನನ್ನ ಹಿಂದೆ ನಿಲ್ಲಿಸಿಕೊಂಡು, ಬೆನ್ನು ಕೊಡದೆ ಮೆಲ್ಲಗೆ ಹಿಂದೆ ಸರಿಯುತ್ತೇನೆ. ಲಸಿಕೆಯ ಕೆಲಸವನ್ನೂ ಹಗ್ಗ ಮಾಡದು. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಸಾಕುನಾಯಿಯ ಲಸಿಕೆ ಮತ್ತು ಸಂತಾನಹರಣ ಚಿಕಿತ್ಸೆಯ ಹೊಣೆಯನ್ನು ಮಾಲೀಕರ ಮೇಲೆಯೇ ಇಟ್ಟಿವೆ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯ ಉಳಿಯುವುದು ಇಲ್ಲವೆಂಬಷ್ಟು ಅಪರೂಪ. ಹೀಗಿರುವಾಗ ಎಂಥ ಹಗ್ಗ ಹಿಡಿದರೂ ಲಸಿಕೆ ಇಲ್ಲದ ನಾಯಿಯನ್ನು ಜನರ ನಡುವೆ ತರುವುದು ತಪ್ಪು.

2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ 23 ತಳಿಗಳ ನಾಯಿಗಳನ್ನು ಅಪಾಯಕಾರಿ ಎಂದು ನಿರ್ಬಂಧಿಸಲು ಸುತ್ತೋಲೆ ಹೊರಡಿಸಿದಾಗ, ನಮ್ಮ ಓಣಿಯಲ್ಲಿಯೂ ಯಾವ ತಳಿ ಒಳ್ಳೆಯದು ಯಾವುದು ಕೆಟ್ಟದ್ದು ಎಂಬ ಚರ್ಚೆ ನಡೆಯಿತು. ಮರುತಿಂಗಳೇ ಕರ್ನಾಟಕ ಹೈಕೋರ್ಟು ಅದನ್ನು ರದ್ದುಪಡಿಸಿತು. ಆ ಚರ್ಚೆಯಲ್ಲಿ ಹಗ್ಗದ ಮಾತು ಬಂದದ್ದು ನನಗೆ ನೆನಪಿಲ್ಲ. ಬಿಡುವಾಗಿ ಓಡಾಡುವ ಪುಟ್ಟ ಪಾಮೇರಿಯನ್ ಕೂಡ ಬೈಕಿನ ಚಕ್ರಕ್ಕೆ ಅಡ್ಡ ಬಂದರೆ ಸವಾರ ಬೀಳುತ್ತಾನೆ.

ಯಾರು ಕೊಳ್ಳಬೇಕು ಎಂದರೆ, 15 ಕಿಲೋಗಿಂತ ಹೆಚ್ಚು ತೂಕದ, ಜಗ್ಗುವ ಸ್ವಭಾವದ ನಾಯಿ ಇರುವವರಿಗೆ ಇದನ್ನು ಅನುಮಾನವಿಲ್ಲದೆ ಹೇಳುತ್ತೇನೆ. ಸಣ್ಣ ನಾಯಿಗೆ ಈ ಹಗ್ಗವೂ ಕೊಂಡಿಯೂ ಭಾರ, ಅವಕ್ಕೆ ತೆಳು ನೈಲಾನಿನ ಪಟ್ಟಿ ಸಾಕು. ಎಲ್ಲವನ್ನೂ ಕಡಿಯುವ ಮರಿಗೂ ಇದು ಬೇಡ. ಹತ್ತಿಯ ಎಳೆ ಹಲ್ಲಿಗೆ ತಡೆಯದು. ಐದು ನಕ್ಷತ್ರಗಳಲ್ಲಿ ನಾನು ನಾಲ್ಕು ಕೊಡುತ್ತೇನೆ, ಒಂದನ್ನು ಹೊಲಿಗೆಗಾಗಿಯೂ ಬಣ್ಣಕ್ಕಾಗಿಯೂ ಕಳೆದಿದ್ದೇನೆ.

ಸಡಿಲವಾದ ಕುಣಿಕೆಯನ್ನು ಒಯ್ದು ತೋರಿಸಿದಾಗ ಅಂಗಡಿಯವರು ವಾದಿಸಲಿಲ್ಲ. ಹಳೆಯ ಹೊಲಿಗೆ ಬಿಚ್ಚಿ, ಮೇಣ ಸವರಿದ ದಪ್ಪ ದಾರದಿಂದ ಹತ್ತು ನಿಮಿಷದಲ್ಲಿ ಮರುಹೊಲಿದು, ಹಣ ಬೇಡವೆಂದರು. ಅಂದಿನಿಂದ ಅದು ಗಟ್ಟಿಯಾಗಿದೆ. ಕೆಲಗೇರಿಯ ಆ ಹಿರಿಯರು ಈಗಲೂ ಬೆಳಿಗ್ಗೆ ಎದುರಾಗುತ್ತಾರೆ. ನಾನು ಗಿಡ್ಡ ಕುಣಿಕೆಗೆ ಕೈ ಹಾಕಿ ದಾರಿಯ ಅಂಚಿಗೆ ಸರಿದು ನಿಲ್ಲುತ್ತೇನೆ, ಅವರು ಹಗ್ಗವನ್ನೊಮ್ಮೆ ನೋಡಿ ಮುಂದೆ ನಡೆಯುತ್ತಾರೆ.