ಅಡ್ರೆಸ್ ಡಿಕೋಡಿಂಗ್: ಗ್ಯಾಲ್ ಕೊಂಡು 138ಕ್ಕೆ ಮರಳಿದ ಲೆಕ್ಕ

ಮನೆಯಲ್ಲೇ ಕಟ್ಟುತ್ತಿರುವ ಎಂಟು ಬಿಟ್ಟಿನ ಕಂಪ್ಯೂಟರಿನ ಅಡ್ರೆಸ್ ಡಿಕೋಡಿಂಗಿಗೆಂದು, ಅಂದರೆ ಪ್ರೊಸೆಸರು ಕೇಳಿದ ವಿಳಾಸ ಯಾವ ಚಿಪ್ಪಿನದೆಂದು ಆರಿಸುವ ಕೆಲಸಕ್ಕೆಂದು, ನಾವು ಬರೆದ ಲಾಜಿಕ್ ಸಮೀಕರಣದಂತೆ ನಡೆಯುವ ನಾಲ್ಕು ಗ್ಯಾಲ್ ಚಿಪ್ಪುಗಳನ್ನೂ ಅವುಗಳಲ್ಲಿ ಆ ಸಮೀಕರಣ ತುಂಬುವ ಪ್ರೋಗ್ರಾಮರ್ ಎಂಬ ಉಪಕರಣವನ್ನೂ ಐದು ಸಾವಿರ ರೂಪಾಯಿಗೂ ಹೆಚ್ಚು ಕೊಟ್ಟು ತರಿಸಿಕೊಂಡೆ. ಇಂದು ಬ್ರೆಡ್‌ಬೋರ್ಡಿನಲ್ಲಿ ಆ ಕೆಲಸ ಮಾಡುತ್ತಿರುವುದು ಒಂದು 74ಎಚ್‌ಸಿ138 (ಮೂರು ಇನ್‌ಪುಟ್ ನೋಡಿ ಎಂಟು ಔಟ್‌ಪುಟ್‌ಗಳಲ್ಲಿ ಒಂದನ್ನು ಆರಿಸುವ ಚಿಪ್ಪು, ಮುಂದೆ ಬರೀ 138) ಮತ್ತು ಒಂದು 74ಎಚ್‌ಸಿ00 (ನಾಲ್ಕು ನ್ಯಾಂಡ್ ಗೇಟುಗಳ ಚಿಪ್ಪು, ಮುಂದೆ ಬರೀ 00). ಎರಡಕ್ಕೂ ಸೇರಿ ಐವತ್ತು ರೂಪಾಯಿ ಆಗಲಿಲ್ಲ. ಪ್ರೋಗ್ರಾಮರು ಕಪಾಟು ಸೇರಿದೆ. ಆದ್ದರಿಂದ ನಾನು ಯಾರ ಪರ ಎಂಬುದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ನನ್ನ ಪ್ರೊಸೆಸರು 65ಸಿ02. ಅದು ಸ್ಟ್ಯಾಕನ್ನು (ತಾತ್ಕಾಲಿಕ ಮಾಹಿತಿ ಪೇರಿಸಿಡುವ ಜಾಗವನ್ನು) ವಿಳಾಸಗಳ ಕೆಳತುದಿಯಲ್ಲಿ ಇಟ್ಟುಕೊಳ್ಳುತ್ತದೆ. ರೀಸೆಟ್ ಆದ ಮೇಲೆ ಎಲ್ಲಿಂದ ಆರಂಭಿಸಬೇಕೆಂಬುದನ್ನು ಮೇಲ್ತುದಿಯ ಕೊನೆಯ ಆರು ಬೈಟುಗಳೊಳಗೆ ಹುಡುಕುತ್ತದೆ. ಹಾಗಾಗಿ 64 ಕಿಲೋಬೈಟಿನ (64ಕೆ) ಜಾಗದಲ್ಲಿ ಕೆಳಗಿನ 32ಕೆ ರ‍್ಯಾಮಿಗೆ, ಮೇಲಿನ 16ಕೆ ಕರೆಂಟು ಹೋದರೂ ಮಾಹಿತಿ ಅಳಿಯದ ಇಇಪ್ರಾಮಿಗೆ, ನಡುವೆ ಉಳಿದ 16ಕೆ ಹೊರಗಿನದನ್ನು ಜೋಡಿಸುವ ಪೋರ್ಟು, ಸೀರಿಯಲ್ ಮುಂತಾದವುಗಳಿಗೆ ಎಂದು ಹಂಚಿಕೊಂಡೆ.

ಬರೀ 00 ಒಂದರಿಂದಲೇ ಇದು ನಡೆಯುತ್ತದೆ, ಆದರೆ ನಡುವಿನ 16ಕೆ ಪೂರ್ತಿ ಒಂದೇ ಸಾಧನದ ಪಾಲಾಗುತ್ತದೆ. ಎರಡನೆಯದು ಬಂದ ದಿನ ಆ ದಾರಿ ಮುಗಿಯಿತು. ಇಇಪ್ರಾಮನ್ನೇ ಡಿಕೋಡರಾಗಿ ಬಳಸುವ ಉಪಾಯವನ್ನು ಒಂದೇ ರಾತ್ರಿಗೆ ಕೈಬಿಟ್ಟೆ, ಏಕೆಂದರೆ ವಿಳಾಸ ಬದಲಾಗುವ ಹೊತ್ತಿನಲ್ಲಿ ಅದರ ಔಟ್‌ಪುಟ್‌ಗಳು ಹೇಗೆಂದರೆ ಹಾಗೆ ಮಿನುಗುತ್ತವೆ.

ಉಳಿದದ್ದು ಗ್ಯಾಲ್ ಮತ್ತು 138. ಗ್ಯಾಲ್ 22ವಿ10ರಲ್ಲಿ ಹತ್ತು ಔಟ್‌ಪುಟ್‌ಗಳಿದ್ದು, ಒಂದು ವೈರನ್ನೂ ಕದಲಿಸದೆ, ಸಮೀಕರಣ ತಿದ್ದಿ ಮತ್ತೆ ತುಂಬಿದರೆ ವಿಳಾಸ ಹಂಚಿಕೆಯ ಇಡೀ ನಕ್ಷೆಯೇ ಬದಲಾಗುತ್ತದೆ. ಕಾಗದದ ಮೇಲೆ ಇದಕ್ಕೆ ಎದುರಿಲ್ಲ. ಆದರೆ ಬಳ್ಳಾರಿಯ ಅಂಗಡಿಗಳಲ್ಲಿ ಫ್ಯಾನಿನ ಕೆಪಾಸಿಟರೂ ಇನ್ವರ್ಟರಿನ ಮಾಸ್ಫೆಟ್ಟೂ ಸಿಗುವಷ್ಟು ಸುಲಭವಾಗಿ ಇಂಥ ಚಿಪ್ಪು ಸಿಗುವುದಿಲ್ಲ. ಆನ್‌ಲೈನಿನಲ್ಲಿ ತರಿಸಿದ ನಾಲ್ಕೂ ಹಳೆಯ ಬೋರ್ಡಿನಿಂದ ಕಿತ್ತು, ಮೈ ಉಜ್ಜಿ, ಹೊಸ ಅಕ್ಷರ ಒತ್ತಿದ ಮಾಲು. ಅವುಗಳಲ್ಲಿ ಎರಡು ಮಾತ್ರ ಪ್ರೋಗ್ರಾಮನ್ನು ಒಪ್ಪಿಕೊಂಡವು. 28ಸಿ256 ಇಇಪ್ರಾಮನ್ನು ಐದು ವೋಲ್ಟಿನಲ್ಲೇ ಆರ್ಡುಯಿನೊ ಎಂಬ ಪುಟ್ಟ ಕಂಟ್ರೋಲರ್ ಬೋರ್ಡಿನಿಂದ ತುಂಬಬಹುದು, ಗ್ಯಾಲಿಗೆ ಅದಕ್ಕಿಂತ ಹೆಚ್ಚಿನ ವೋಲ್ಟೇಜು ಬೇಕು. ಪ್ರೋಗ್ರಾಮರಿನ ಖರ್ಚು ಬಂದದ್ದು ಅದರಿಂದಲೇ. 138 ಮಾತ್ರ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿದ್ದ ಗೆಳೆಯನ ಜೇಬಿನಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಳಗಾಗುವುದರೊಳಗೆ ಊರಿಗೆ ಬಂತು.

ಹಣಕ್ಕಿಂತ ಹೆಚ್ಚು ನನ್ನನ್ನು ಕಾಡಿದ್ದು ಬೇರೊಂದು ತೊಡಕು. 65ಸಿ02 ರ‍್ಯಾಮಿಗೆ ಬರೆಯುವಾಗ, ಪ್ರೊಸೆಸರಿಗೆ ತಾಳ ಹಾಕುವ ಗಡಿಯಾರದ ಫೈ2 ಸಂಕೇತ ಮೇಲ್ಮಟ್ಟದಲ್ಲಿರುವಾಗ ಮಾತ್ರ ಬರೆಯಲು ಅನುಮತಿ ಕೊಡಬೇಕು. ಇಲ್ಲದಿದ್ದರೆ ವಿಳಾಸ ಇನ್ನೂ ನೆಲೆಗೊಳ್ಳದಿರುವಾಗಲೇ ಎಲ್ಲೋ ಏನೋ ಬರೆದುಹೋಗುತ್ತದೆ. ಇದನ್ನು ತಿಳಿದಿದ್ದ ನಾನು ಗ್ಯಾಲಿನ ಸಮೀಕರಣ ಬರೆಯುವಾಗ, ಒಂದಕ್ಕೆ ಒಳ್ಳೆಯದಾದದ್ದು ಎಲ್ಲಕ್ಕೂ ಒಳ್ಳೆಯದೆಂದುಕೊಂಡು ಪ್ರತಿ ಸಾಲಿಗೂ ಫೈ2 ಸೇರಿಸಿದೆ. ಸೇರಿಸುವುದಕ್ಕೆ ಖರ್ಚೇನು, ಒಂದು ಪದ ತಾನೇ!

ರ‍್ಯಾಮ್ ಸರಿಯಾಗಿ ಓಡಿತು, ಇಇಪ್ರಾಮೂ ಓಡಿತು. ಪೋರ್ಟು ಕೊಡುವ 65ಸಿ22 ಚಿಪ್ಪು ಮಾತ್ರ ಒಮ್ಮೆ ಎಲ್‌ಇಡಿ ಹೊತ್ತಿಸುತ್ತಿತ್ತು, ಹತ್ತು ಸಲ ಸುಮ್ಮನಿರುತ್ತಿತ್ತು. ಉಜ್ಜಿದ ಗ್ಯಾಲನ್ನು ಶಂಕಿಸಿ ಇನ್ನೊಂದನ್ನು ಹಾಕಿದೆ. 65ಸಿ22 ಅನ್ನೇ ಶಂಕಿಸಿ ಹೊಸದನ್ನು ತರಿಸಿದೆ. ಸಂಕೇತಗಳಿಗೆ ಸಮಯ ಸಾಲುತ್ತಿಲ್ಲವೇನೋ ಎಂದು ಗಡಿಯಾರವನ್ನು 1 ಮೆಗಾಹರ್ಟ್ಸ್‌ನಿಂದ ಸೆಕೆಂಡಿಗೆ ಒಂದು ಬಡಿತಕ್ಕೆ ಇಳಿಸಿದೆ. ಆಗಲೂ ಅದೇ ಹಾಡು. ನಿಧಾನಿಸಿದರೂ ಹೋಗದ ತಪ್ಪು ಸಮಯದ ತಪ್ಪಾಗಿರಲಾರದು ಎಂದು ತೀರ್ಮಾನಿಸಿದ್ದೇ ನನ್ನ ದೊಡ್ಡ ಎಡವಟ್ಟು, ಅದರಲ್ಲಿ ಎರಡು ವಾರ ಕಳೆದುಹೋದವು.

ಬೇಸತ್ತು 138 ತೆಗೆದುಕೊಂಡೆ. ವಿಳಾಸದ ಅತಿ ಮೇಲಿನ ಬಿಟ್ಟಾದ ಎ15 ಅನ್ನು ಅದರ ಮೇಲ್ಮಟ್ಟದ ಎನೇಬಲ್‌ಗೆ (ಸಂಕೇತ ಮೇಲಿದ್ದಾಗ ಚಿಪ್ಪನ್ನು ಚಾಲೂ ಮಾಡುವ ಕಾಲಿಗೆ), ಅದರ ಕೆಳಗಿನ ಎ14 ಅನ್ನು ಕೆಳಮಟ್ಟದ ಎನೇಬಲ್‌ಗೆ, ಎ13, ಎ12, ಎ11 ಅನ್ನು ಮೂರು ಇನ್‌ಪುಟ್‌ಗಳಿಗೆ ಕೊಟ್ಟರೆ ನಡುವಿನ 16ಕೆ ತಲಾ 2ಕೆಯ ಎಂಟು ತುಂಡುಗಳಾಗುತ್ತದೆ. 00ರ ನಾಲ್ಕು ಗೇಟುಗಳಲ್ಲಿ ಒಂದು ಇಇಪ್ರಾಮನ್ನು ಆಯುತ್ತದೆ, ಒಂದು ಓದು-ಬರಹದ ಸಂಕೇತವನ್ನು ತಿರುಗಿಸುತ್ತದೆ (ಮೇಲಿದ್ದರೆ ಕೆಳಗೆ, ಕೆಳಗಿದ್ದರೆ ಮೇಲೆ), ಉಳಿದೆರಡು ಫೈ2 ಜೊತೆ ಸೇರಿ ಓದುವ, ಬರೆಯುವ ಅನುಮತಿಗಳನ್ನು ಕೊಡುತ್ತವೆ. ರ‍್ಯಾಮಿನ ಆಯ್ಕೆಗೆ ಎ15 ಒಂದೇ ಸಾಕು. ಇನ್ನು 138ಕ್ಕೂ ಫೈ2 ಕೊಡೋಣವೆಂದರೆ ಉಳಿದಿದ್ದ ಮೂರನೆಯ ಎನೇಬಲ್ ಕೆಳಮಟ್ಟದ್ದು, ಫೈ2 ಅನ್ನು ತಿರುಗಿಸಿ ಕೊಡಬೇಕು, ತಿರುಗಿಸಲು ಗೇಟು ಉಳಿದಿಲ್ಲ. ಇನ್ನೊಂದು ಚಿಪ್ಪು ಹಾಕುವ ಮುನ್ನ, ಇದು ನಿಜಕ್ಕೂ ಬೇಕೇ ಎಂದು ಮೊದಲ ಬಾರಿಗೆ ಕೇಳಿಕೊಂಡು 65ಸಿ22ರ ಡೇಟಾಶೀಟಿನ ಸಮಯಚಿತ್ರ ತೆರೆದೆ. ಫೈ2 ಏರುವುದಕ್ಕಿಂತ ಮೊದಲೇ ಚಿಪ್ಪನ್ನು ಆರಿಸುವ ಚಿಪ್ ಸೆಲೆಕ್ಟ್ ಸಂಕೇತ ಬಂದು ನಿಂತಿರಬೇಕೆಂದು ಅಲ್ಲಿದೆ. ನಾನು ಫೈ2 ಏರಿದ ಮೇಲೆ ಅದನ್ನು ಕಳಿಸುತ್ತಿದ್ದೆ. ಗಡಿಯಾರವನ್ನು ಎಷ್ಟೇ ನಿಧಾನಿಸಿದರೂ ಅದು ಏರುವ ಅಂಚಿನ ಹಿಂದೆಯೇ ಬರುತ್ತಿತ್ತು. ಮೂರನೆಯ ಎನೇಬಲನ್ನು ಸೊನ್ನೆ ವೋಲ್ಟಿನ ಗ್ರೌಂಡಿಗೆ ಕಟ್ಟಿದೆ, ಎಲ್‌ಇಡಿ ಹೊತ್ತಿತು.

ಗ್ಯಾಲಿನಲ್ಲೂ ಆ ಒಂದು ಪದ ಅಳಿಸಿದರೆ ಸಾಕಿತ್ತು, ನಿಜ. ಆದರೆ ಅದು ಚಿಪ್ಪಿನ ಹೊಟ್ಟೆಯೊಳಗಿತ್ತು. ನಾನಾದರೋ ವೈರಿನ ಜಾಡು ಹಿಡಿದು, ಸಂಕೇತ ಮೇಲಿದೆಯೋ ಕೆಳಗಿದೆಯೋ ತೋರಿಸುವ ಲಾಜಿಕ್ ಪ್ರೋಬ್ ಇಡುತ್ತಾ ಯೋಚಿಸುವವನು.

ವೇಗದಲ್ಲಿ ಗ್ಯಾಲ್ ಮುಂದಿರಬಹುದು, 1 ಮೆಗಾಹರ್ಟ್ಸ್‌ಗೆ ಅದು ಲೆಕ್ಕಕ್ಕಿಲ್ಲ. ಏಪ್ರಿಲ್ಲಿನ ನಮ್ಮೂರ ಬಿಸಿಲಿಗೆ ಎರಡೂ ಅಂಜಲಿಲ್ಲ, ಅಂಜಿದ್ದು ಅಗ್ಗದ ಬ್ರೆಡ್‌ಬೋರ್ಡು. ವಿದ್ಯುತ್ತಿನ ವಿಷಯದಲ್ಲಿ ಹಳೆಯ ಗ್ಯಾಲ್ ಸುಮ್ಮನೆ ಕುಳಿತಾಗಲೂ ಹತ್ತಾರು ಮಿಲಿಆಂಪಿಯರ್ ಕುಡಿಯುತ್ತದೆ, ಎಚ್‌ಸಿ ಚಿಪ್ಪುಗಳಿಗೆ ಅದರ ಚೂರೂ ಬೇಡ. ಕರೆಂಟು ಹೋದಾಗ ಪವರ್ ಬ್ಯಾಂಕಿನ ಮೇಲೆ ಓಡಿಸುವ ನನಗೆ ಇದು ಲಾಭವೇ ಆಗಬೇಕಿತ್ತು. ಆದರೆ ಬಳಕೆ ತೀರಾ ಕಡಿಮೆಯಾಗಿ, ಯಾರೂ ಇಲ್ಲವೆಂದುಕೊಂಡು ಪವರ್ ಬ್ಯಾಂಕೇ ಆರಿಹೋಗುತ್ತದೆ. ಅದನ್ನು ಎಚ್ಚರವಾಗಿಡಲು ಈಗ ಒಂದು ರೆಸಿಸ್ಟರನ್ನು ಅಡ್ಡ ಹಾಕಿದ್ದೇನೆ.

ತಲಾ 16 ಬೈಟಿನ ಕಿಂಡಿಗಳಲ್ಲಿ ಸಾಧನಗಳನ್ನು ತುರುಕುವವರು, ಪ್ರತಿ ತಿಂಗಳೂ ನಕ್ಷೆ ಬದಲಿಸುವವರು ಗ್ಯಾಲನ್ನೇ ಕೊಳ್ಳಲಿ, ಅದೇ ಬಗೆಯ ಹೊಸ ಎಟಿಎಫ್22ವಿ10 ಆದರೆ ಒಳ್ಳೆಯದು. ನನ್ನ ಎಂಟು ತುಂಡುಗಳಲ್ಲಿ ತುಂಬಿರುವುದು ಎರಡೇ. ಇನ್ನೂ ಆರು ಖಾಲಿ ಇರುವವರೆಗೆ ಆ ಕಪಾಟನ್ನು ತೆರೆಯುವ ಕೆಲಸ ಬೀಳಲಾರದು.