ಎಆರ್‌ಟಿ ಕೇಂದ್ರದ ಪಕ್ಕದ ಬೆಂಬಲ ಗುಂಪು: ಹೋಗಬಹುದೇ?

ಉತ್ತರ ಕರ್ನಾಟಕದ ಒಂದು ಜಿಲ್ಲಾಸ್ಪತ್ರೆಯ ಎಆರ್‌ಟಿ (ಎಚ್‌ಐವಿ ಚಿಕಿತ್ಸೆಯ) ಕೇಂದ್ರಕ್ಕೆ ಹೊಂದಿಕೊಂಡ ಆರೈಕೆ ಮತ್ತು ಬೆಂಬಲ ಕೇಂದ್ರದಲ್ಲಿ ತಿಂಗಳಿಗೊಮ್ಮೆ ನಡೆಯುವ ಸಭೆಯ ವಿಮರ್ಶೆ ಇದು. ಸಭೆ ನಡೆಸುವವರು ಡಾಕ್ಟರಲ್ಲ, ವರ್ಷಗಟ್ಟಲೆ ಎಚ್‌ಐವಿ ಜೊತೆ ಬದುಕಿ, ತಪ್ಪದೆ ಮಾತ್ರೆ ತಗೊಳ್ಳುತ್ತಿರುವ ಪೀರ್ ಕೌನ್ಸೆಲರ್. ಶುಲ್ಕವಿಲ್ಲ. ಹೊಸದಾಗಿ ಚಿಕಿತ್ಸೆ ಶುರು ಮಾಡಿದವರು ಖಂಡಿತ ಹೋಗಬೇಕು. ಗೋಪ್ಯತೆಯಲ್ಲಿ ಮಾತ್ರ ಕೇಂದ್ರ ಇನ್ನೂ ಬಿಗಿಯಾಗಬೇಕು.

12ರಿಂದ 15 ಜನ, ದುಂಡಗೆ ಹಾಕಿದ ಕುರ್ಚಿ, ಒಂದೂವರೆ ಗಂಟೆ. ಹೆಂಗಸರಿಗೆ ಬೇರೆ ದಿನ ಇಟ್ಟಿರುವುದು ಸರಿಯಾಗಿದೆ. ಮಕ್ಕಳ ಪರೀಕ್ಷೆ, ಗಂಡನ ಮನೆಯ ಆಸ್ತಿ, ಬಿಳಿಸೆರಗು ಇಂಥ ಮಾತು ಗಂಡಸರ ಮುಂದೆ ಬಾಯಿಗೆ ಬರುವುದಿಲ್ಲ. ಕೂತ ಕೂಡಲೇ ಕೆಮ್ಮು, ಜ್ವರ, ತೂಕ ಇಳಿಕೆ, ರಾತ್ರಿ ಬೆವರು ಈ ನಾಲ್ಕನ್ನೂ ಕೇಳುತ್ತಾರೆ. ಯಾವುದಾದರೂ ಒಂದಿದ್ದರೂ ಅವತ್ತೇ ಟಿಬಿ ಪರೀಕ್ಷೆಗೆ ಕಳಿಸುತ್ತಾರೆ.

ಸಭೆಯ ನಿಜವಾದ ಬೆಲೆ ಗೊತ್ತಾಗುವುದು ಮಾತ್ರೆಯ ಮಾತಿನಲ್ಲಿ. ಟಿಎಲ್‌ಡಿ (ಡೊಲುಟೆಗ್ರಾವಿರ್ ಸೇರಿ ಮೂರು ಎಚ್‌ಐವಿ ಔಷಧಿಗಳಿರುವ ಒಂದೇ ಮಾತ್ರೆ) ಡಬ್ಬಿ ಮೇಜಿನ ಮೇಲಿಟ್ಟು, "ಮನ್ಯಾಗ ಮತ್ತ ಯಾವ ಔಷಧಿ ತಗೋತೀರಿ?" ಅಂತ ಒಬ್ಬೊಬ್ಬರನ್ನೂ ಕೇಳುತ್ತಾರೆ. ಆಗ ಹೊರಬರುತ್ತದೆ, ಎದೆ ಉರಿಗೆಂದು ಮೆಡಿಕಲ್ ಶಾಪಿನಿಂದ ತಂದು ಕುಡಿಯುವ ಗುಲಾಬಿ ಬಣ್ಣದ ಸಿರಪ್ಪು. ಅಂಥ ಸಿರಪ್ಪಿನ ಅಲ್ಯುಮಿನಿಯಂ, ಮೆಗ್ನೀಸಿಯಂ ಡೊಲುಟೆಗ್ರಾವಿರ್‌ ಅನ್ನು ಹಿಡಿದುಕೊಂಡು ರಕ್ತಕ್ಕೆ ಸೇರಲು ಬಿಡುವುದಿಲ್ಲ. ಹಾಗಾಗಿ ಟಿಎಲ್‌ಡಿಯನ್ನು ಸಿರಪ್ಪಿಗಿಂತ 2 ಗಂಟೆ ಮೊದಲು, ಇಲ್ಲವೇ 6 ಗಂಟೆ ಆದಮೇಲೆ ತಗೋಬೇಕು. ಕಬ್ಬಿಣ, ಕ್ಯಾಲ್ಸಿಯಂ ಗುಳಿಗೆಗೂ ಇದೇ ಅಂತರ. ಊಟದ ಜೊತೆಗಾದರೆ ಈ ಗುಳಿಗೆಗಳನ್ನು ಟಿಎಲ್‌ಡಿಯೊಂದಿಗೆ ಒಟ್ಟಿಗೇ ನುಂಗಬಹುದು, ಸಿರಪ್ಪನ್ನಲ್ಲ. ಗರ್ಭಿಣಿಯರಿಗೆ ಇದು ಬಹಳ ಮುಖ್ಯ. ಓಪಿಡಿಯ ನೂಕುನುಗ್ಗಲಿನಲ್ಲಿ ಇಷ್ಟು ಕೇಳಿ ತಿಳಿಯುವಷ್ಟು ಪುರಸೊತ್ತು ಯಾರಿಗಿರುತ್ತದೆ?

ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ಸಿನ ಪ್ರಮಾಣ) ಪತ್ತೆಯಾಗದ ಮಟ್ಟಕ್ಕೆ ಇಳಿದು ಅಲ್ಲೇ ನಿಂತರೆ ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಸೋಂಕು ಹರಡದು. ಪೋಸ್ಟರಿನಲ್ಲಿ ಓದಿದರೆ ನಂಬಿಕೆ ಬಾರದ ಈ ಮಾತು, ಸೋಂಕಿಲ್ಲದ ಸಂಗಾತಿಯೊಂದಿಗೆ ಬಾಳುತ್ತಿರುವವರೇ ಹೇಳಿದಾಗ ಮನಸ್ಸಿಗಿಳಿಯುತ್ತದೆ.

ಇನ್ನು ಕೊರತೆ. ಹಾಜರಿ ಪುಸ್ತಕ ಕೈಯಿಂದ ಕೈಗೆ ಹೋಗುತ್ತದೆ. ಹೆಸರು, ಊರು, ಫೋನ್ ನಂಬರು ಎಲ್ಲರ ಕಣ್ಣಿಗೂ ಬೀಳುತ್ತವೆ. ನೋಂದಣಿ ಸಂಖ್ಯೆಯನ್ನಷ್ಟೇ ಸಿಬ್ಬಂದಿಯೇ ಬರೆದುಕೊಂಡರೆ ಸಾಕು. ವಾಟ್ಸ್‌ಆ್ಯಪ್ ಗ್ರೂಪಿನಲ್ಲೂ ಇದೇ ತೊಂದರೆ, ಬ್ರಾಡ್‌ಕಾಸ್ಟ್ ಪಟ್ಟಿಯಾದರೆ ಒಬ್ಬರ ನಂಬರು ಇನ್ನೊಬ್ಬರಿಗೆ ಕಾಣುವುದಿಲ್ಲ. ವರದಿಗೆಂದು ಬೆನ್ನ ಹಿಂದಿನಿಂದ ಫೋಟೋ ತೆಗೆಯುತ್ತಾರೆ. ಚಿಕ್ಕ ಊರಿನಲ್ಲಿ ಸೀರೆ, ಜಡೆ ನೋಡಿಯೇ ಗುರುತು ಹಿಡಿಯುವವರಿದ್ದಾರೆ! 2017ರ ಎಚ್‌ಐವಿ ಕಾಯ್ದೆ ಒಪ್ಪಿಗೆಯಿಲ್ಲದೆ ಒಬ್ಬರ ಸೋಂಕಿನ ವಿಷಯ ಬಯಲು ಮಾಡುವುದನ್ನು ತಡೆಯುತ್ತದೆ. ಖಾಲಿ ಕುರ್ಚಿಗಳ ಫೋಟೋ ಕಳಿಸಿದರೂ ವರದಿ ವರದಿಯೇ.

ಇನ್ನೊಂದು ತೊಡಕು ದಿನದ್ದು. ಆರೋಗ್ಯ ಸ್ಥಿರವಾಗಿರುವವರಿಗೆ ಒಮ್ಮೆಗೇ 3 ತಿಂಗಳ ಮಾತ್ರೆ ಸಿಗುವಾಗ, ಸಭೆಗಾಗಿಯೇ ಪ್ರತಿ ತಿಂಗಳು ಕೂಲಿ ಬಿಟ್ಟು, ಬಸ್ ಚಾರ್ಜು ಕೊಟ್ಟು ಯಾರು ಬರುತ್ತಾರೆ? ಅಂಥವರ ಸಭೆಯನ್ನು ಮಾತ್ರೆ ಕೊಡುವ ದಿನಕ್ಕೇ ಜೋಡಿಸಬೇಕು, ದೂರದ ತಾಲ್ಲೂಕಿನವರಿಗೆ ಅಲ್ಲಿನ ಲಿಂಕ್ ಎಆರ್‌ಟಿ ಕೇಂದ್ರದಲ್ಲೇ (ಮುಖ್ಯ ಕೇಂದ್ರಕ್ಕೆ ಸೇರಿದ, ಮಾತ್ರೆ ಕೊಡುವ ಉಪಕೇಂದ್ರ) ನಡೆಸಬೇಕು. ಪೀರ್ ಕೌನ್ಸೆಲರ್ ಒಬ್ಬರೇ ಇರುವುದರಿಂದ ಅವರು ರಜೆ ಹಾಕಿದ ತಿಂಗಳು ಸಭೆ ಭಾಷಣವಾಗಿಬಿಡುತ್ತದೆ. ಇನ್ನೊಬ್ಬರನ್ನು ತಯಾರು ಮಾಡಲೇಬೇಕು.

ತಮಗೆ ಸೋಂಕಿದೆ ಎಂದು ಇನ್ನೂ ಗೊತ್ತಿಲ್ಲದ ಮಕ್ಕಳನ್ನು ಈ ಸಭೆಗೆ ಕರೆದೊಯ್ಯಬೇಡಿ. ಮೊದಲ ಸಲ ಹೋಗುವವರು ಸುಮ್ಮನೆ ಕೂತು ಕೇಳಿದರೂ ಆಯಿತು, ಯಾರೂ ಬಲವಂತ ಮಾಡುವುದಿಲ್ಲ. ನಿಮ್ಮ ಜಿಲ್ಲೆಯ ಕೇಂದ್ರ ಎಲ್ಲಿದೆ ಎಂದು ನಿಮ್ಮ ಎಆರ್‌ಟಿ ಕೇಂದ್ರದ ಆಪ್ತಸಮಾಲೋಚಕರನ್ನೋ 1097 ಉಚಿತ ಸಹಾಯವಾಣಿಯನ್ನೋ ಕೇಳಿ.